ಹೊಳೆಯಾಚೆಯ ಓತಿಕೇತ

ಹೋದ ವಾರ ಒಂದು ಓತಿಕೇತವನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಮಾಂಜ್ರಾ ನದಿ ದಾಟಿದೆ. ನಲವತ್ತು ಕಳೆದ ಮಾಸ್ತರನಿಗೆ ಇದೆಂಥ ಹುಚ್ಚು ಅನ್ನುತ್ತೀರಾ? ಕೇಳಿ.

ರಜೆಗೆಂದು ಬೀದರಿನಿಂದ ಎತ್ತಿನ ಗಾಡಿಯಲ್ಲಿ ಖಟಕ ಚಿಂಚೋಳಿಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಹೊಲದಲ್ಲಿ ದುಡಿಯುವ ನಾಗಮ್ಮ ಒಂದು ಗಂಡು ಓತಿಯನ್ನು ತೋರಿಸಿದಳು. ಕಲ್ಲಿನ ಮೇಲೆ ಕೂತು ಬಿಳಿಯ ಗಂಟಲಚೀಲ ಬಿಚ್ಚಿ ಹೆಣ್ಣನ್ನು ಕರೆಯುತ್ತಿತ್ತು. ಹೊಳೆಯಾಚೆ, ತನ್ನ ತವರು ಠಾಣಾ ಕುಶನೂರಿನಲ್ಲಿ, ಆ ಚೀಲ ನೀಲಿ ಎಂದಳು.

ನಾನು ನಕ್ಕೆ. (ಸರಕಾರಿ ಮದರಸಾ ಶಾಲೆಯಲ್ಲಿ ಉರ್ದುವಿನಲ್ಲಿ ಸೈನ್ಸ್ ಕಲಿಸುವವನ ನಗು!)

"ಹೋಗಿ ನೋಡ್ರಿ ಮಾಸ್ತರ," ಅಂದಳು.

ಹೋದೆ. ನೀಲಿಯೇ! ಒಂದನ್ನು ಹಿಡಿದು ತಂದು ಚಿಂಚೋಳಿಯ ಕಲ್ಲುಗಳ ನಡುವೆ ಬಿಟ್ಟೆ. ಮೂರು ದಿನ ಅದು ನೀಲಿ ಚೀಲ ಬಿಚ್ಚಿ ಬಿಚ್ಚಿ ಕರೆಯಿತು. ಒಂದು ಹೆಣ್ಣೂ ತಿರುಗಿ ನೋಡಲಿಲ್ಲ.

ಒಂದು ಕಾಲಕ್ಕೆ ಇವೆಲ್ಲ ಒಂದೇ ಕುಲ ಇದ್ದಿರಬೇಕು. ನಡುವೆ ಹೊಳೆ ಬಂತು. ಆಚೆಯವು ಆಚೆ, ಈಚೆಯವು ಈಚೆ. ತಲೆಮಾರಿಗೊಂದು ಚೂರು ವ್ಯತ್ಯಾಸ, ಅಂಥ ಸಾವಿರಾರು ತಲೆಮಾರು. ಕೊನೆಗೆ ಪಕ್ಕದಲ್ಲೇ ಕೂರಿಸಿದರೂ ಒಂದರೊಡನೊಂದು ಕೂಡುವುದಿಲ್ಲ. ಆಗ ಅದು ಬರೀ ಬಣ್ಣದ ಮಾತಲ್ಲ, ಬೇರೆಯದೇ ಸ್ಪೀಶೀಸ್, ಅಂದರೆ ಬೇರೆಯದೇ ಜೀವಜಾತಿ. (ಮೂರು ದಿನದ ಪರೀಕ್ಷೆ ಸಾಲದು, ಬಲ್ಲೆ.)

ಇದನ್ನೆಲ್ಲ ಹೇಳಿದಾಗ ನಾಗಮ್ಮ ಕುಡುಗೋಲು ಕೆಳಗಿಟ್ಟಳು. ತವರಿನಲ್ಲಿ ತಾಯಿ ಸತ್ತಾಗ ಹೊಳೆ ತುಂಬಿತ್ತಂತೆ. ಸುದ್ದಿ ಮುಟ್ಟುವುದರಲ್ಲಿ ಮಣ್ಣು ಮುಗಿದಿತ್ತು. ಬೇಕೆಂದೇ ಬರಲಿಲ್ಲ ಎಂದು ತಮ್ಮ ಮುನಿಸಿಕೊಂಡ. ಕರೆಯಲಿಲ್ಲ ಎಂದು ಇವಳೂ ಮುನಿಸಿಕೊಂಡಳು. ಹನ್ನೊಂದು ವರ್ಷ!

"ತಮ್ಮನ ಮಕ್ಕಳು ನನ್ನ ಗುರ್ತು ಹಿಡೀತಾರೇನ್ರಿ?"

ಮನುಷ್ಯರು ಅಷ್ಟು ಬೇಗ ಬೇರೆಯಾಗುವುದಿಲ್ಲ ಎಂದೆ. ಮಾತು ಮಾಸ್ತರನದು, ಖಾತ್ರಿ ನನಗೂ ಇರಲಿಲ್ಲ.

ನಾಲ್ಕನೆಯ ದಿನ ಓತಿಯನ್ನು ಅದರ ಜಾಗಕ್ಕೆ ಬಿಡಲು ಹೊರಟೆ. ನಾಗಮ್ಮ ರೊಟ್ಟಿ ಕಟ್ಟಿಕೊಂಡು ನಿಂತಿದ್ದಳು. ಬೇಸಿಗೆಯ ಹೊಳೆ, ಮೊಣಕಾಲುದ್ದ ನೀರು. ಸೀರೆ ಎತ್ತಿ ಕಟ್ಟಿ ನನಗಿಂತ ಮುಂದೆ ನಡೆದಳು.

ಕುಶನೂರಿನಲ್ಲಿ ನಾಗಮ್ಮನ ತಮ್ಮ ಬಾಗಿಲಲ್ಲೇ ನಿಂತ. ಮಕ್ಕಳು ಅವನ ಹಿಂದೆ ಸರಿದವು. ಗುರುತು ಹತ್ತಲಿಲ್ಲ. ನಾಗಮ್ಮ ರೊಟ್ಟಿಯ ಗಂಟನ್ನು ಹೊಸ್ತಿಲ ಮೇಲಿಟ್ಟಳು. ಆಮೇಲೆ ಅವನು ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಅಂದ: "ಅಕ್ಕಗ ಕಾಲಿಗಿ ನೀರು ಕೊಡು."

ಓತಿಯನ್ನು ಅದರ ಕಲ್ಲಿನ ಮೇಲೆ ಬಿಟ್ಟು ನಾನು ಒಬ್ಬನೇ ವಾಪಸು ಬಂದೆ.

ಓತಿಗೆ ಆ ಹೊಳೆ ದಾಟುವುದು ಆಗದ ಮಾತು, ಒಪ್ಪಿದೆ. ಮೊಣಕಾಲುದ್ದ ನೀರು ದಾಟಬಲ್ಲ ನಾವು ದಡದಲ್ಲಿ ಯಾಕೆ ಕೂತಿದ್ದೇವೆ?