ಉರ್ದೋಯ್ತದೆ ಅಂದದ್ದಕ್ಕೆ

1976ರಲ್ಲಿ ನಾನು ಕೊಳ್ಳೇಗಾಲದ ಕೋರ್ಟಿನಲ್ಲಿ ವಕೀಲನಾಗಿದ್ದೆ. ಜಮೀನಿನ ಬದು, ಬಾವಿಯ ನೀರು, ಅಣ್ಣತಮ್ಮಂದಿರ ಪಾಲು, ಇವೇ ನನಗೆ ಅನ್ನ ಹಾಕುತ್ತಿದ್ದ ಜಗಳಗಳು. ಸಂವಿಧಾನದ ಪುಸ್ತಕ ಬೀರುವಿನಲ್ಲಿತ್ತು. ತಾಲ್ಲೂಕು ವಕೀಲನಿಗೆ ಅದನ್ನು ಕೆಳಗಿಳಿಸುವ ಕೆಲಸ ಬೀಳುವುದೇ ಅಪರೂಪ. ತುರ್ತು ಪರಿಸ್ಥಿತಿ ಜಾರಿಗೆ ಬಂದು ತಿಂಗಳುಗಳು ಕಳೆದಿದ್ದವು. ಬಾರ್ ರೂಮಿನಲ್ಲಿ ಮೇಜು ಗುದ್ದಿ ರಾಜಕೀಯ ಮಾತಾಡುತ್ತಿದ್ದವರೆಲ್ಲ ಮಳೆ ಬೆಳೆಯ ಪಂಡಿತರಾಗಿಬಿಟ್ಟಿದ್ದರು. ನಾನೂ ಅವರಲ್ಲೊಬ್ಬ.

ಫೆಬ್ರವರಿಯಲ್ಲಿ ಮಾದಮ್ಮ ಬಂದಳು. ಬಿಳಿಗಿರಿರಂಗನ ಬೆಟ್ಟದ ಮೂಡಲ ಮಗ್ಗುಲಿನ ಒಂದು ಪೋಡಿನವಳು. ಆ ಕಾಡಿನ ಸೋಲಿಗರು ತಮ್ಮ ಸಣ್ಣ ಊರಿಗೆ ಪೋಡು ಎನ್ನುತ್ತಾರೆ. ಒಡೆಯರಪಾಳ್ಯದವರೆಗೆ ನಡೆದು, ಅಲ್ಲಿಂದ ಹನೂರಿಗೆ ಬಂದು, ಬಸ್ಸು ಹಿಡಿದಿದ್ದಳು. ಗಂಡ ಕೇತೇಗೌಡನನ್ನು ಪೊಲೀಸರು ಎತ್ತಿಕೊಂಡು ಹೋಗಿದ್ದರು. ಏನು ಮಾಡಿದ ಎಂದು ಕೇಳಿದೆ.

"ಏನೂ ಮಾಡ್ನಿಲ್ಲ ಸಾ, ಮಾತಾಡ್ದ" ಎಂದಳು.

ಅವನು ಆಡಿದ ಮಾತು ಇಷ್ಟು. ಸೋಲಿಗರು ವರ್ಷವೂ ಬೇಸಿಗೆ ಬಲಿಯುವ ಮೊದಲೇ ಕಾಡಿನ ಒಣ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ಅದು ನೆಲ ನೆಕ್ಕಿಕೊಂಡು ಹೋಗಿ ಆರಿದರೆ ಮುಂದೆ ದೊಡ್ಡ ಕಿಚ್ಚಿಗೆ ಮೇವು ಇರುವುದಿಲ್ಲ. ಆ ವರ್ಷ ಅರಣ್ಯ ಇಲಾಖೆಯ ಒಬ್ಬ ಅಧಿಕಾರಿ ಪೋಡಿಗೆ ಬಂದು, ಇನ್ನು ಬೆಂಕಿಕಡ್ಡಿ ಗೀರಿದರೆ ಜೈಲು ಎಂದು ಸಾರಿದರು. ಕೇತೇಗೌಡ ಎದ್ದು ನಿಂತು, ತರಗು ಬೆಂಕಿ ಕೊಡದಿದ್ದರೆ ಬೇಸಿಗೆಯಲ್ಲಿ ಕಾಡೇ "ಉರ್ದೋಯ್ತದೆ" ಎಂದ. ಅಧಿಕಾರಿ ಬರೆದುಕೊಟ್ಟ ದೂರಿನಲ್ಲಿ ಅದು "ಕಾಡನ್ನೇ ಉರಿಸುತ್ತೇವೆ ಎಂದು ಬೆದರಿಸಿದನು" ಎಂದಾಯಿತು. ಉರಿಯುವುದಕ್ಕೂ ಉರಿಸುವುದಕ್ಕೂ ಇರುವ ವ್ಯತ್ಯಾಸ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಆದರೆ ಕಾಲ ಕೆಟ್ಟಾಗ ವ್ಯಾಕರಣವೂ ಸರ್ಕಾರದ ಪರವೇ ನಿಲ್ಲುತ್ತದೆ.

ಅವನ ಮೇಲೆ ಎರಡು ಬೀಗ ಬಿದ್ದಿದ್ದವು. ಒಂದು, ಬೆದರಿಕೆಯ ಕ್ರಿಮಿನಲ್ ಕೇಸು. ಅದು ನಮ್ಮ ಕೋರ್ಟಿನಲ್ಲೇ ಇತ್ತು. ಇನ್ನೊಂದು ಮೀಸಾ, ಅಂದರೆ ವಿಚಾರಣೆಯಿಲ್ಲದೆ ಹಿಡಿದಿಡುವ ಕಾಯ್ದೆ. ಯಾಕೆ ಹಿಡಿದೆವೆಂದು ಆಗ ಹೇಳಬೇಕಾಗಿಯೂ ಇರಲಿಲ್ಲ. ಇದಕ್ಕೆ ಉಳಿದಿದ್ದ ದಾರಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ: ಹಿಡಿದವನನ್ನು ತಂದು ತೋರಿಸಿ, ಯಾವ ಕಾನೂನಿನಂತೆ ಹಿಡಿದಿರಿ ಹೇಳಿ, ಎಂದು ಕೇಳುವುದು. ತುರ್ತು ಪರಿಸ್ಥಿತಿಯಲ್ಲೂ ಇಷ್ಟನ್ನು ಕೇಳಬಹುದೆಂದು ಹಲವು ಹೈಕೋರ್ಟುಗಳು ಹೇಳಿದ್ದವು. ಬೆಂಗಳೂರಿನ ಗೆಳೆಯನೊಬ್ಬನ ಕೈಯಲ್ಲಿ ಅರ್ಜಿ ಹಾಕಿಸಿ, ಆ ಒಂದು ಎಳೆಗೆ ಜೋತುಬಿದ್ದೆ.

ಮಾರ್ಚಿನಲ್ಲಿ ಬೆಟ್ಟದ ಒಂದು ಮಗ್ಗುಲು ಹೊತ್ತಿ ಉರಿಯಿತು. ಕೇತೇಗೌಡ ಮೈಸೂರಿನ ಜೈಲಿನಲ್ಲಿದ್ದ. ಆದರೂ ಅಧಿಕಾರಿಗಳು, ನೋಡಿ, ಹೇಳಿದ್ದನ್ನು ತನ್ನವರ ಕೈಲಿ ಮಾಡಿಸಿದ ಎಂದರು. ಏಪ್ರಿಲ್ ಕೊನೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ತುರ್ತು ಪರಿಸ್ಥಿತಿ ಇರುವ ತನಕ ಇಂಥ ಅರ್ಜಿಗೆ ಜಾಗವಿಲ್ಲ. ಐವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಮಾತ್ರ ಒಪ್ಪಿರಲಿಲ್ಲ. ಮಾದಮ್ಮನಿಗೆ ಯಾವ ಬಾಯಲ್ಲಿ ಹೇಳುವುದು?

ಜೈಲಿಗೆ ಹೋಗಿ ನೋಡಿದೆ. ಆಳು ಅರ್ಧವಾಗಿದ್ದ. ಅನ್ನ ಮುಟ್ಟುತ್ತಿಲ್ಲ ಎಂದು ವಾರ್ಡರ್ ಗೊಣಗಿದ. ನನ್ನ ಕಾನೂನಿನ ವಿವರಣೆಯನ್ನೆಲ್ಲ ಕೇಳಿಸಿಕೊಂಡು ಕೇತೇಗೌಡ ಒಂದೇ ಮಾತು ಕೇಳಿದ, "ಈ ಸಲ ಜೇನ್ ಇಳಿಸುದ್ರಾ ಸಾ ನಮ್ಮೋರು?" ಇವನು ಇನ್ನೊಂದು ಮಳೆಗಾಲ ಕಾಣುವುದಿಲ್ಲವೆಂದು ನನಗೆ ಹೆದರಿಕೆಯಾಯಿತು.

ಉಳಿದದ್ದು ನಮ್ಮ ಕೋರ್ಟಿನ ಕೇಸೊಂದೇ. ಜುಲೈಯಲ್ಲಿ ವಿಚಾರಣೆಗೆ ಬಂತು. ನಾನು ಬೀರುವಿನಿಂದ ಆ ಪುಸ್ತಕ ಇಳಿಸಿಕೊಂಡು ಹೋದೆ. ಕಾನೂನಿನ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ಕಸಿಯಬಾರದು ಎನ್ನುವ ಇಪ್ಪತ್ತೊಂದನೇ ವಿಧಿಯಲ್ಲಿ ಜೀವ ಎಂದರೆ ಬರೀ ಉಸಿರಾಡುವುದಲ್ಲ, ಕಾನೂನಿನ ಕ್ರಮ ಎಂದರೆ ನ್ಯಾಯವಾದ ಕ್ರಮ, ಮಾತಾಡುವ ಹಕ್ಕನ್ನೂ ಅದರ ಜೊತೆಗಿಟ್ಟು ಓದಬೇಕು ಎಂದು ಒದರಿದೆ. ಸರ್ಕಾರಿ ವಕೀಲರು ನಕ್ಕರು. "ಇದು ಕೊಳ್ಳೇಗಾಲ ಸ್ವಾಮಿ, ಡೆಲ್ಲಿ ಅಲ್ಲ" ಎಂದರು. ಮ್ಯಾಜಿಸ್ಟ್ರೇಟರು ಮಾತ್ರ ನಗಲಿಲ್ಲ. ಕಟಕಟೆಯಲ್ಲಿದ್ದ, ದೂರು ಕೊಟ್ಟ ಅಧಿಕಾರಿಗೆ, ಕೇತೇಗೌಡನ ಬಾಯಿಂದ ಬಂದ ಮಾತನ್ನು ಬಂದ ಹಾಗೇ ಹೇಳಿ ಎಂದೆ.

"ಉರ್ದೋಯ್ತದೆ ಅಂದ" ಎಂದರು.

"ಉರಿಸ್ತೀವಿ ಅಂದನೋ?"

"ಅರ್ಥ ಅದೇ ಅಲ್ವೆ ಸ್ವಾಮಿ?"

ಅಷ್ಟು ಸಾಕಾಯಿತು. ಎಚ್ಚರಿಕೆ ಹೇಳುವುದು ಬೆದರಿಕೆಯಲ್ಲ ಎಂದು ಬರೆದು ಮ್ಯಾಜಿಸ್ಟ್ರೇಟರು ಕೇತೇಗೌಡನನ್ನು ಖುಲಾಸೆ ಮಾಡಿದರು. ಆ ಕಾಲದಲ್ಲಿ ಅಷ್ಟು ಬರೆಯುವುದಕ್ಕೂ ಎದೆ ಬೇಕಿತ್ತು. ಆದರೆ ಮೀಸಾ ಬೀಗ ಹಾಗೇ ಇತ್ತು. ಕೋರ್ಟಿನ ಮೆಟ್ಟಿಲು ಇಳಿಯುತ್ತಿದ್ದಂತೆಯೇ ಪೊಲೀಸರು ಅವನನ್ನು ಮತ್ತೆ ವ್ಯಾನು ಹತ್ತಿಸಿದರು.

ಮಾದಮ್ಮ ನನ್ನ ಕೋಟಿನ ತೋಳು ಹಿಡಿದಳು. "ಗೆದ್ವಾ ಸಾ?"

"ಗೆದ್ವಿ ಕಣವ್ವ."

"ಮತ್ಯಾಕ್ ಕರ್ಕಂಡೋಯ್ತಾವ್ರೆ?"

ಅವಳನ್ನು ಹನೂರಿನ ಬಸ್ಸು ಹತ್ತಿಸಿ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

1977ರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ಹೋಯಿತು. ಕೇತೇಗೌಡ ಜೀವಸಹಿತ ಬೆಟ್ಟಕ್ಕೆ ಮರಳಿದ. ಮರುವರ್ಷ ಸುಪ್ರೀಂ ಕೋರ್ಟೇ ಇಪ್ಪತ್ತೊಂದನೇ ವಿಧಿಯನ್ನು ಅಗಲವಾಗಿ ಓದಿ, ಕ್ರಮ ಎಂದರೆ ನ್ಯಾಯವಾದ ಕ್ರಮ ಎಂದಿತು. ಡೆಲ್ಲಿಯವರು ಕೊಳ್ಳೇಗಾಲದ ದಾರಿಗೆ ಬಂದರಲ್ಲ ಎಂದು ಹಿಗ್ಗಿ, ಸುದ್ದಿ ಹೇಳಲು ನಾನೇ ಪೋಡಿಗೆ ಹೋದೆ.

ಅಲ್ಲಿ ಜಗಲಿಯ ಮೇಲೆ ಹೊಸ ಅರಣ್ಯ ಅಧಿಕಾರಿ ಕೂತಿದ್ದರು. ಒಳ್ಳೆಯ ಮನುಷ್ಯ. ಬೇಸಿಗೆ ಬಲಿಯುತ್ತಿದೆ, ಕಾಡಿನ ಈ ಸ್ಥಿತಿ ನೋಡಿದರೆ ಏನನ್ನಿಸುತ್ತದೆ, ಏನು ಮಾಡೋಣ ಎಂದು ಕೇತೇಗೌಡನನ್ನು ವಿನಯದಿಂದಲೇ ಕೇಳುತ್ತಿದ್ದರು. ಅವನು ನೆಲ ನೋಡಿಕೊಂಡು ನಿಂತಿದ್ದ.

"ನಂಗೇನ್ ಗೊತ್ತು ಸಾ. ನೀವ್ ಏಳ್ದಂಗೆ" ಎಂದ.

ಮತ್ತೆ ಮತ್ತೆ ಕೇಳಿದರು. ಅದನ್ನೇ ಹೇಳಿದ. ನಾನು ತಂದಿದ್ದ ತೀರ್ಪಿನ ಸುದ್ದಿಯನ್ನು ತಂದ ಹಾಗೇ ಹೊತ್ತು ಹಿಂತಿರುಗಿದೆ. ಕೋರ್ಟಿನ ಆದೇಶ ಆಳನ್ನು ಜೈಲಿನಿಂದ ಹೊರಗೆ ತರಬಲ್ಲದು, ಅವನ ಮಾತನ್ನು ತರಲಾರದು. ಸ್ವಾತಂತ್ರ್ಯದ ವಿಧಿಯನ್ನು ಅಗಲವಾಗಿ ಓದಿದರೆ ಸಾಲದು, ಹೊತ್ತಿಗೆ ಸರಿಯಾಗಿ ಓದಬೇಕು. ನನ್ನ ಕಸುಬು ನನಗೆ ಇದನ್ನು ಕಲಿಸಿದ್ದು ಆ ಜಗಲಿಯ ಮುಂದೆ. ಬೆಟ್ಟ ಇಳಿಯುವಾಗ ದಾರಿಯ ಎರಡೂ ಕಡೆ ತರಗು ಮೊಣಕಾಲುದ್ದ ಬಿದ್ದಿತ್ತು.