ಹದಿನಾಲ್ಕು ದಿನದ ಪುತ್ತಬ್ಬ

ಕುವೈತಿನ ಫರ್ವಾನಿಯಾದಲ್ಲಿ ಅರ್ಜಿ, ಕರಾರುಪತ್ರ ಬರೆದುಕೊಡುವ ಟೈಪಿಂಗ್ ಸೆಂಟರಿನ ಪುತ್ತಬ್ಬನವರು ಫ್ರಾಂಚೈಸಿ ಅಂಗಡಿ ಕೊಳ್ಳಹೊರಟ ಊರಿನವರನ್ನು ಸುಲಭಕ್ಕೆ ಬಿಡುವವರಲ್ಲ. ಸಹಿಗೆ ಹದಿನಾಲ್ಕು ದಿನ ಮೊದಲೇ, ಈಗಾಗಲೇ ಅಂಥ ಅಂಗಡಿ ನಡೆಸುತ್ತಿರುವವರ ಪಟ್ಟಿಯನ್ನು ಕೊಳ್ಳುವವನಿಗೆ ಕೊಡಬೇಕೆಂಬುದು ಅಮೆರಿಕ ಸರ್ಕಾರದ ನಿಯಮ. ಅದು ಕುವೈತಿಗೆ ಅನ್ವಯಿಸದಿದ್ದರೂ ಅವರ ಮೇಜಿಗೆ ಅನ್ವಯಿಸುತ್ತದೆ. ಪಟ್ಟಿ ಕೈಸೇರಿದ ಹದಿಮೂರನೆಯ ದಿನವೇ ಸಹಿಗೆಂದು ಬಂದವರನ್ನು ಚಹಾ ಕುಡಿಸಿ ಹಿಂದೆ ಕಳಿಸುತ್ತಾರೆ. "ಹೆಣ್ಣು ಕೊಡುವಾಗ ಹತ್ತು ಮನೆ ವಿಚಾರಿಸುತ್ತೀರಿ, ಅಂಗಡಿಗೆ ನಾಲ್ಕು ಫೋನ್ ಮಾಡಲಿಕ್ಕೆ ಏನು ಮಾರಾಯ?" ಎಂದು ಗದರಿ, ಪಟ್ಟಿಯಲ್ಲಿರುವ ಎಲ್ಲರಿಗೂ ತಾವೇ ಫೋನ್ ಮಾಡುತ್ತಾರೆ. ಮೊನ್ನೆ, ಆಸ್ಪತ್ರೆಯ ಕೆಲಸ ಬಿಟ್ಟು ಜ್ಯೂಸ್ ಅಂಗಡಿ ಕೊಳ್ಳಲಿದ್ದ ಆಲ್ರೊಯ್ ತಂದ ಪಟ್ಟಿಯ ಏಳನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು. ಅಲ್ಲಿದ್ದುದು ಅವರದೇ ಹೆಸರು. ಹೆಂಡತಿ ಆಮಿನಮ್ಮ ತೀರಿಕೊಂಡ ವರ್ಷ ಅವರು ಬೀಗ ಹಾಕಿದ, ಅದೇ ಕಂಪನಿಯ ಅವರದೇ ಜ್ಯೂಸ್ ಅಂಗಡಿ. ನಂಬರು ಮಾತ್ರ ಅಪರಿಚಿತ. ಸ್ಪೀಕರ್ ಒತ್ತಿ ಡಯಲ್ ಮಾಡಿದರು. "ಹೌದು, ಪುತ್ತಬ್ಬನೇ ಮಾತಾಡುವುದು. ವ್ಯಾಪಾರ ಜೋರುಂಟು, ಧೈರ್ಯದಲ್ಲಿ ತಗೊಳ್ಳಿ," ಎಂದಿತು ಆ ಕಡೆಯಿಂದ ಥೇಟ್ ಅವರದೇ ದನಿ. ಆಲ್ರೊಯ್ ಕರಾರುಪತ್ರವನ್ನು ಎರಡು ತುಂಡು ಮಾಡಿದ. "ಖಲಾಸ್ ಕಾಕಾ, ಫೋನ್ ಇಡಿ." ಪುತ್ತಬ್ಬನವರು ಇಡಲಿಲ್ಲ. ಬಾಯಿಯನ್ನು ಫೋನಿನ ಹತ್ತಿರ ತಂದು, ಯಾರನ್ನೂ ಎಬ್ಬಿಸಬಾರದೆಂಬಷ್ಟು ಮೆಲ್ಲಗೆ ಕೇಳಿದರು: "ಆಮಿನಮ್ಮ ಅಲ್ಲಿದ್ದಾಳಾ?"