ಅಜ್ಜಿ ಕೈ ಮೂಸಿದ ದಿನ

ಸಂಜೆ ಗುಂಡ್ಲುಪೇಟೆಯ ಲಾಡ್ಜಿನಲ್ಲಿ ನೀರಿನ ತೊಟ್ಟಿ ತೊಳೆಯುತ್ತಿದ್ದರು. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿದದ್ದೇ ನಮ್ಮೂರ ಹಳ್ಳ ನೆನಪಾಯಿತು.

ಬೇಸಿಗೆಯಲ್ಲಿ ಹಳ್ಳ ಬತ್ತಿ, ಹೊಂಗೆ ಮರದಡಿ ಒಂದು ಮಡು ಮಾತ್ರ ಉಳಿಯುತ್ತಿತ್ತು. ಅಜ್ಜಿ ಅದರೊಳಗೆ ಬಟ್ಟೆ ಅದ್ದುತ್ತಿರಲಿಲ್ಲ. ಬಿಂದಿಗೆಯಲ್ಲಿ ಮೊಗೆದು ದೂರದ ಬಂಡೆಯ ಮೇಲೆ ಒಗೆಯುತ್ತಿದ್ದಳು. ಮೀನು ಸುಲಭವಾಗಿ ಸಿಗಲೆಂದು ನಾನೊಂದು ದಿನ, ಬಾವಿಗೆ ಹಾಕಲು ತಂದಿಟ್ಟಿದ್ದ ಪೌಡರನ್ನು ಆ ಮಡುವಿಗೆ ಸುರಿದೆ. ಬೆರಳುದ್ದದ ಮರಿಗಳೂ ಹೊಟ್ಟೆ ಮೇಲಾಗಿ ತೇಲಿದವು.

ಅಜ್ಜಿ ನನ್ನ ಕೈ ಮೂಸಿ ನೋಡಿದಳು. ಊರವರು ಕೇಳಿದಾಗ ಮಾತ್ರ, "ಬಿಸ್ಲಿಗೆ ಸತ್ತೋದೋ" ಎಂದಳು. ಆಮೇಲೆ ನನ್ನೊಬ್ಬಳಿಗೇ ಹೇಳಿದಳು: "ಬ್ಯಾಸ್ಗೇಲಿ ಹಳ್ಳ ಬದುಕಿರೋದು ಈ ಗುಂಡೀಲೇ ಕಣಮ್ಮಿ. ಮಳೆ ಬಂದಾಗ ಇಲ್ಲಿಂದ್ಲೇ ಮೀನು ಮ್ಯಾಲಕ್ಕೆ ಓಯ್ತವೆ. ಈ ಸಲ ಓಗಕ್ಕೆ ಏನದೆ ಏಳು?"

ಆ ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯಿತು. ದಿನಾ ಹೋಗಿ ನೋಡಿದೆ. ಒಂದು ಮೀನೂ ಕಾಣಲಿಲ್ಲ.

ಈಗ ಹಳ್ಳ, ಹೊಳೆಗಳ ಅಧ್ಯಯನವೇ ನನ್ನ ಕೆಲಸ. ಇವತ್ತು ಬೆಳಿಗ್ಗೆಯೂ ಇಲ್ಲೇ ಹತ್ತಿರದ, ಕಾಡಂಚಿನ ಮದ್ದೂರಿನ ಕಡೆ, ಬತ್ತಿದ ಹಳ್ಳದ ಮಡುವೊಂದರ ಪಕ್ಕ ನಿಂತು ವಿದ್ಯಾರ್ಥಿಗಳಿಗೆ ಅಜ್ಜಿಯ ಮಾತನ್ನೇ ಹೇಳಿದ್ದೆ. "ಇದನ್ನ ಎಲ್ಲಿ ಕಲಿತ್ರಿ ಮೇಡಂ?" ಎಂದು ಒಬ್ಬಳು ಕೇಳಿದಳು.

"ಪುಸ್ತಕದಲ್ಲಿ" ಎಂದುಬಿಟ್ಟೆ.